ಒರೆಸಿದರೂ ಹೋಗದ ಕಲೆ

ಇವತ್ತು ಬೆಳಿಗ್ಗೆ ಹಡಪಸರದ ನಮ್ಮ ಮನೆಯಲ್ಲಿ ಪರದೆಯ ತೂತಿನಿಂದ ಬಿಸಿಲು ತೂರಿ, ಗೋಡೆಯ ಮೇಲೆ ನಾಣ್ಯದಷ್ಟು ಬೆಳಕು ಬಿತ್ತು. ನೆನಪಿನಲ್ಲಿ ನಾನು ಇದೇ ಪುಣೆಯ ನನ್ನ ಹೈಸ್ಕೂಲಿನ ಅಂಗಳಕ್ಕೆ ಹೋಗಿಬಿಟ್ಟೆ. ಆಗಿನ್ನೂ ಬ್ರಿಟಿಷರಿದ್ದರು.

ನಮ್ಮ ವಿಜ್ಞಾನ ಮಂಡಳದಲ್ಲಿ ಒಂದೇ ಒಂದು ಹಿತ್ತಾಳೆಯ ದುರ್ಬೀನಿತ್ತು. ಶನಿವಾರ ನಮಗೆ ಪಾಠ ಹೇಳುವ ಅಕ್ಕೋರು ಅದನ್ನು ಸೂರ್ಯನತ್ತ ತಿರುಗಿಸಿ, ಹಿಂದೆ ಬಿಳಿ ಕಾಗದ ಹಿಡಿಯುತ್ತಿದ್ದರು. ಕಾಗದದ ಮೇಲೆ ಸೂರ್ಯ ದುಂಡಗೆ ಮೂಡುತ್ತಿದ್ದ. ಗಾಜು ಒರೆಸುವ ಕೆಲಸ ನನ್ನದು.

ಒಮ್ಮೆ ಆ ಸೂರ್ಯನಲ್ಲಿ ಎಳ್ಳಿನಷ್ಟು ಕಪ್ಪು ಕಂಡಿತು. ನನ್ನದೇ ತಪ್ಪೆಂದು ಹೆದರಿ, ಉಟ್ಟಿದ್ದ ಪರಕರದ ಅಂಚಿನಿಂದ ಗಾಜನ್ನು ಒರೆಸಿದೆ, ಮತ್ತೆ ಒರೆಸಿದೆ. ಅಕ್ಕೋರು ಕೈ ಹಿಡಿದು, ಅದು ಧೂಳಲ್ಲ, ಸೂರ್ಯನ ಮೇಲಿನ ಕಲೆ, ನಮ್ಮ ಇಡೀ ಭೂಮಿ ಅದರೊಳಗೆ ಹಿಡಿಸುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ನನಗೆ ಮೈ ಜುಮ್ಮೆಂದಿತು.

ದಿನಾ ಅರ್ಘ್ಯ ಬಿಡುವ ಅಪ್ಪ ಇದನ್ನು ಕೇಳಿ ಸಿಟ್ಟಾದರು. "ಸೂರ್ಯನಾರಾಯಣಗ ಕಲೆ ಹಚ್ಚೋ ಮಂಡಳ ನಮಗ ಬ್ಯಾಡ! ಸೋಮವಾರ ನಾನೇ ಬಂದು ನಿನ್ನ ಹೆಸರು ತಗಸ್ತೀನಿ."

ಹೇಳಿದಂತೆ ಬಂದರು. ಅಕ್ಕೋರು ದುರ್ಬೀನು ತಿರುಗಿಸಿ, ಕಾಗದವನ್ನು ಅಪ್ಪನ ಕೈಗೇ ಕೊಟ್ಟರು. ಅಂಗೈಯಗಲದ ಸೂರ್ಯ, ಕಲೆಯ ಸಮೇತ, ಅವರ ಕೈಯಲ್ಲಿ ಮೂಡಿದ. ಅಪ್ಪ ಮೆಲ್ಲಗೆ ಚಪ್ಪಲಿ ಕಳಚಿದರು. ನಾನು ಅಭ್ಯಾಸದಂತೆ ಗಾಜಿನತ್ತ ಕೈ ಚಾಚಿದೆ.

"ಒರಸಬ್ಯಾಡವಾ," ಎಂದರು ಅಪ್ಪ, "ಇರ್ಲಿ ಅದು."

ಹೆಸರು ತೆಗೆಸುವ ಮಾತು ಮತ್ತೆ ಬರಲಿಲ್ಲ.

ಈಗ ಮೊಮ್ಮಗಳು ಪರದೆಯ ತೂತು ಹೊಲಿಯಲು ಸೂಜಿ ತಂದಿದ್ದಾಳೆ. ನಾನು ಬೆಳಕಿಗೆ ಅಂಗೈ ಒಡ್ಡಿ ಕೂತಿದ್ದೇನೆ.

"ಇರ್ಲಿ ಬಿಡವಾ," ಎಂದೆ.