ಗಾಜಿನಕ್ಕನ ಸಿಟ್ಟು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಾಡಿಗೆ ಕಾರುಗಳ ಶೆಡ್ಡಿನಲ್ಲಿ ಡ್ರೈವರೊಬ್ಬ ಮುಂದಿನ ಗಾಜಿಗೆ ಚೊಂಬಿನಿಂದ ನೀರೆರಚಿ, ವೈಪರ್ ಆಡಿಸಿ, ಹೊರಡಲು ಸಜ್ಜಾಗಿದ್ದಾನೆ. ಹಿಂದಿನಿಂದ ಬಂದ ಕೈಯೊಂದು ಚೊಂಬನ್ನು ಕಿತ್ತುಕೊಳ್ಳುತ್ತದೆ.

"ನಡು ರಸ್ತೇಲಿ ಕೆಸರು ಹಾರಿದ್ರೆ ಇದನ್ನ ಹಿಡ್ಕೊಂಡು ಇಳೀತೀಯೇನೋ?"

ಶೆಡ್ಡಿನವರೆಲ್ಲ ಗಾಜಿನಕ್ಕ ಎನ್ನುವುದು ಇವರನ್ನೇ. ಹೆಸರಿಗೆ ಕಾರು ತೊಳೆಯುವ ಕೆಲಸ. ಗಾಜಿಗೆ ನೀರು ಚಿಮ್ಮದ ಕಾರು ಗೇಟು ದಾಟದಂತೆ ಕಾಯುವುದು ಮಾತ್ರ ಯಾರೂ ಹೇಳದೆ ತಾವೇ ಮೈಮೇಲೆ ಹಾಕಿಕೊಂಡದ್ದು. ಸಿಟ್ಟು ಸದಾ ಮೂಗಿನ ತುದಿಯಲ್ಲಿರುತ್ತದೆ.

"ಕಡ್ಡಿ ಎಳಿ" ಎನ್ನುತ್ತಾರೆ. ಡ್ರೈವರು ಒಳಗೆ ಕೂತು, ಗಾಜಿಗೆ ನೀರು ಚಿಮ್ಮಿಸುವ ಸ್ಟಿಯರಿಂಗ್ ಪಕ್ಕದ ಕಡ್ಡಿ ಎಳೆಯುತ್ತಾನೆ. ಅಕ್ಕ ಬಾನೆಟ್ ಎತ್ತಿ ಕಿವಿಗೊಡುತ್ತಾರೆ. ಗುಂಯ್ ಅನ್ನುತ್ತಿದೆ, ನೀರೆತ್ತುವ ಪುಟ್ಟ ಮೋಟಾರು ಸತ್ತಿಲ್ಲ. ಟ್ಯಾಂಕಿನಲ್ಲಿ ನೀರೂ ಇದೆ. ಗಾಜಿನ ಕೆಳಗಿನ ಪೈಪು ಬಿಚ್ಚಿದರೆ ಒಂದು ಹನಿಯಿಲ್ಲ. ಕೊನೆಗೆ ಮೋಟಾರನ್ನೇ ಟ್ಯಾಂಕಿನಿಂದ ಎಳೆದು ತೆಗೆಯುತ್ತಾರೆ. ಅದರ ಬಾಯಿಯ ಜಾಲರಿಗೆ ಸೋಪು ಲೋಳೆ ಲೋಳೆಯಾಗಿ ಮೆತ್ತಿಕೊಂಡಿದೆ.

"ಪಾತ್ರೆ ತೊಳೆಯೋ ಸೋಪು ಯಾವನು ಹಾಕಿದ್ದು?"

"ಚೆನ್ನಾಗಿ ತೊಳೀಲಿ ಅಂತ ನಾನೇ ಸ್ವಲ್ಪ ಜಾಸ್ತಿ ಹಾಕ್ದೆ ಅಕ್ಕ."

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ. "ಗಿರಾಕಿ ಕಾಯ್ತಿದಾರಮ್ಮ. ಇವತ್ತೊಂದಿನ ಹಾಗೇ ಬಿಟ್ಟುಬಿಡಿ."

ಅಕ್ಕ ಕಾರಿನ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. "ನಮ್ಮೆಜಮಾನ್ರಿಗೂ ಇದೇ ಮಾತು ಹೇಳಿದ್ರಿ ಸಾರ್."

ಮ್ಯಾನೇಜರ್ ತಲೆ ತಗ್ಗಿಸುತ್ತಾರೆ. ತಗ್ಗಿಸಲೇಬೇಕು. ಅಕ್ಕನ ಗಂಡ ಮೊದಲು ಇದೇ ಶೆಡ್ಡಿನಲ್ಲಿ ಡ್ರೈವರಾಗಿದ್ದರು. ಗಾಜಿಗೆ ನೀರು ಬರುತ್ತಿಲ್ಲವೆಂದು ಹೇಳಿದ್ದಕ್ಕೆ ಇದೇ ಮ್ಯಾನೇಜರ್ ಕೈಗೊಂದು ಚೊಂಬು ಕೊಟ್ಟು ಕಳಿಸಿದ್ದರು. ಮುಂದಿದ್ದ ಲಾರಿ ಗಾಜಿನ ತುಂಬ ಕೆಸರು ಹಾರಿಸಿತು. ಕಡ್ಡಿ ಎಳೆದರು, ಎಳೆದೇ ಎಳೆದರು. ದಾರಿ ಕಾಣದೆ ಕಾರು ಗೋಡೆಗೆ ಗುದ್ದಿ ಎಡಗಾಲು ಹೋಯಿತು. ತಪ್ಪು ಯಾರದು ಅಂತೀರಿ? ಡ್ರೈವರನ ಅಜಾಗರೂಕತೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ದೊಡ್ಡ ಉಪಕಾರ ಮಾಡಿದವರಂತೆ ಅವರನ್ನು ಗೇಟು ಕಾಯಲು ಕೂರಿಸಿದರು.

"ನನ್ನ ಕರ್ಮ ಅಂತ ಸುಮ್ನಿರು ಅಂದ್ರು ಎಲ್ರೂ. ಕರ್ಮ ಯಾಕೆ? ಪೈಪು ನೋಡದವ್ರ ಸೋಮಾರಿತನ ಅದು" ಎನ್ನುತ್ತ ಅಕ್ಕ ಜಾಲರಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತಾರೆ. ಟ್ಯಾಂಕು ತೊಳೆದು, ಹೊಸ ನೀರು ತುಂಬಿಸಿ, ಮೋಟಾರು ಕೂರಿಸಿ ಪೈಪು ಸಿಕ್ಕಿಸುತ್ತಾರೆ. ಆಮೇಲೇ ಕೀಲಿ ಡ್ರೈವರನ ಕೈಗೆ ಬರುವುದು.

ಕಾರು ಗೇಟಿಗೆ ಬಂದು ನಿಲ್ಲುತ್ತದೆ. ಊರುಗೋಲಿಗೆ ಒರಗಿ ನಿಂತ ಗಂಡ ಗೇಟಿನ ಅಡ್ಡಕಂಬಿ ಎತ್ತುವುದಿಲ್ಲ, ನೀರು ಚಿಮ್ಮಿಸಿ ತೋರಿಸದ ಕಾರಿಗೆ ಇಲ್ಲಿ ದಾರಿಯಿಲ್ಲ. ಡ್ರೈವರು ಕಡ್ಡಿ ಎಳೆಯುತ್ತಾನೆ. ಎರಡು ಧಾರೆ ಗಾಜಿನ ಮೇಲೆ ಹಾರಿ, ನಾಲ್ಕು ಹನಿ ಅವರ ಮುಖಕ್ಕೂ ಸಿಡಿಯುತ್ತವೆ. ಅವರು ಮುಖ ಒರೆಸಿಕೊಳ್ಳದೆ ಕಂಬಿ ಎತ್ತುತ್ತಾರೆ.

ಅಕ್ಕ ದೂರದಿಂದಲೇ ನೋಡಿ, ಆಗ ಕಿತ್ತುಕೊಂಡಿದ್ದ ಚೊಂಬನ್ನು ಗುಜರಿ ಮೂಲೆಗೆ ಎಸೆದು ಮ್ಯಾನೇಜರ್ ಕಡೆ ತಿರುಗುತ್ತಾರೆ. "ಅವ್ರ ಕಾಲು ವಾಪಸ್ ಕೊಡಿ ಅಂತ ನಾನು ಯಾರನ್ನೂ ಕೇಳಿಲ್ಲ. ಕಡ್ಡಿ ಎಳೆದ್ರೆ ನೀರು ಬರ್ಬೇಕು. ಅಷ್ಟೂ ಕೇಳ್ಬಾರ್ದಾ?"