ಇದ್ದಿಲ ತೊಟ್ಟಿಯ ಅತ್ತಿಗೆ

ಸಹಾಯ ಮಾಡುತ್ತೇನೆಂದು ಹೋದ ಮೇಷ್ಟ್ರು ಹತ್ತೇ ನಿಮಿಷದಲ್ಲಿ ತಮ್ಮ ಅತ್ತಿಗೆಯ ಕೆಲಸ ಕೆಡಿಸಿದರು. ಅತ್ತಿಗೆ ಊರಿಗೆ ನೀರು ಶುದ್ಧಮಾಡಿ ಬಿಡುವ ಕೇಂದ್ರದಲ್ಲಿ ಪರೀಕ್ಷೆಗೆ ನೀರು ಹಿಡಿಯುವವಳು. ಶಾಲೆಗೆ ರಜೆಯ ದಿನ, ತುಂತುರು ಮಳೆ. ಮೇಷ್ಟ್ರು ಹೊಸ ರೇನ್‌ಕೋಟ್ ಏರಿಸಿಕೊಂಡು ಹಿಂದಿನಿಂದ ಬಂದವರೇ, ಅವಳು ತುಂಬಿಟ್ಟ ಬಾಟಲಿಯನ್ನು ಕೂಸಿನಂತೆ ಎದೆಗವಚಿಕೊಂಡು ಮುಚ್ಚಳ ತಿರುಗಿಸಿ ಬಿಗಿಮಾಡಿದರು.

"ಮೇಷ್ಟ್ರೇ, ಏನದು ಮೈಮೇಲೆ?"

"ರೇನ್‌ಕೋಟ್ ಅತ್ತಿಗೆ! ಒಂದು ಹನಿ ನಿಲ್ಲಲ್ಲ, ಜಾರಿ ಹೋಗುತ್ತೆ."

"ಹಾಗೆ ಜಾರಲಿ ಅಂತ ಬಳಿದಿರ್ತಾರಲ್ಲ, ಆ ಜಾತಿ ಕೆಮಿಕಲ್ಲೇ ನಾನು ಈ ನೀರಲ್ಲಿ ಹುಡುಕ್ತಿರೋದು. ದೂರ ಹೋಗಿ ನಿಂತ್ಕೊಳ್ಳಿ," ಎಂದವಳೇ ಬಾಟಲಿ ಕಸಿದು ನೀರನ್ನು ಚೆಲ್ಲಿದಳು.

ಹೊಳೆಯ ಮೇಲ್ಗಡೆಯ ಕಾರ್ಖಾನೆ ವರ್ಷಗಟ್ಟಲೆ ಹರಿಬಿಟ್ಟ ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಜಗ್ಗುವುದಿಲ್ಲ. ಅದನ್ನು ಹೀರಿಕೊಳ್ಳುವುದು ಎರಡು ದೊಡ್ಡ ತೊಟ್ಟಿಗಳಲ್ಲಿ ತುಂಬಿದ ಇದ್ದಿಲು. ಇದ್ದಿಲಿಗೂ ಹೊಟ್ಟೆ ತುಂಬುತ್ತದೆ. ಮೊದಲ ತೊಟ್ಟಿ ದಾಟಿದ ನೀರಿನಲ್ಲಿ ವಿಷ ಕಂಡರೆ, ಎರಡನೆಯದೂ ಸೋಲುವ ಮುಂಚೆ ಅದರ ಇದ್ದಿಲು ಬದಲಿಸಬೇಕು. ಬದಲಿಸಿದರೆ ಮೂರು ದಿನ ಊರಿಗೆ ಅರ್ಧ ನೀರು. ಹಾಗಾಗಿ ಇಂಜಿನಿಯರ್ ಸಾಹೇಬರಿಗೆ 'ಮುಂದಿನ ತಿಂಗಳು ನೋಡೋಣ' ಎನ್ನುವುದೆಂದರೆ ಬಲು ಪ್ರೀತಿ. ಅತ್ತಿಗೆಯ ಮಗಳು ಏಳು ತಿಂಗಳ ಬಸುರಿ, ಕುಡಿಯುವುದು ಇದೇ ನಲ್ಲಿ ನೀರು. ಪರೀಕ್ಷೆಯಲ್ಲಿ ಒಂದು ಕುಂದು ಸಿಕ್ಕಿದರೂ ಸಾಹೇಬರು ತಳ್ಳಿಹಾಕುತ್ತಾರೆಂದು ಅವಳಿಗೆ ಗೊತ್ತು. ಕ್ರೀಮಿನಲ್ಲೂ ಹೊಸ ಬಟ್ಟೆಯಲ್ಲೂ ಅದೇ ಕೆಮಿಕಲ್ ಇರಬಹುದು; ಅದಕ್ಕೇ ನೀರು ಹಿಡಿಯುವ ದಿನ ಮುಖಕ್ಕೆ ಕ್ರೀಮಿಲ್ಲ, ಉಡುವುದು ಒಗೆದೊಗೆದು ಸವೆದ ಹತ್ತಿಬಟ್ಟೆ. ಕೇಂದ್ರದವರು ಇಟ್ಟ ಹೆಸರು 'ಹಳೇಬಟ್ಟೆ ಮೇಡಂ'.

ಅವಳು ಕೈ ತೊಳೆದು, ಹೊಸ ಗ್ಲೌಸು ಹಾಕಿಕೊಂಡು, ಉಳಿದಿದ್ದ ಒಂದೇ ಬಾಟಲಿಗೆ ಮೊದಲ ತೊಟ್ಟಿ ದಾಟಿದ ನೀರನ್ನು ಮತ್ತೆ ತುಂಬಿದಳು. ಮೇಷ್ಟ್ರು ರೇನ್‌ಕೋಟನ್ನು ಗೇಟಿನಾಚೆ ಬಿಟ್ಟು ಒದ್ದೆ ಬೆಕ್ಕಿನಂತೆ ನಿಂತಿದ್ದರು.

ಮೂರು ವಾರಕ್ಕೆ ವರದಿ ಬಂತು: ಮೊದಲ ತೊಟ್ಟಿಯ ಇದ್ದಿಲು ಸೋತಿದೆ. ಅತ್ತಿಗೆ ಮೇಷ್ಟ್ರನ್ನೂ ಸಾಹೇಬರ ಕೋಣೆಗೆ ಎಳೆದುಕೊಂಡು ಹೋದಳು.

"ಯಾರೋ ಬಾಟಲಿ ಮುಟ್ಟಿ ಕೆಡಿಸಿದ್ರಂತಲ್ಲಮ್ಮ?" ಸಾಹೇಬರ ಮುಖ ಅರಳಿತ್ತು.

ಮೇಷ್ಟ್ರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ಎದ್ದು ನಿಂತರು. "ಆ ಪುಣ್ಯಾತ್ಮ ನಾನೇ ಸಾರ್. ಆ ನೀರನ್ನ ಆಗಲೇ ಚೆಲ್ಲಿದ್ರು. ಎರಡನೇ ಸಲ ನನ್ನನ್ನ ಹತ್ರಕ್ಕೂ ಸೇರಿಸಲಿಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

ಸಾಹೇಬರ ಮುಖ ಬಾಡಿತು. ಮೊದಲ ತೊಟ್ಟಿಯಿಂದ ಅತ್ತಿಗೆ ಹಿಡಿದು ತಂದಿದ್ದ ನೀರಿನ ಲೋಟವನ್ನು ಅವರು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

"ಕನ್ನಡಿ ಥರ ಇದೆಯಲ್ಲಮ್ಮ! ಇದನ್ನ ಕುಡಿಯೋಕೆ ಏನು ತೊಂದ್ರೆ?"

ಅತ್ತಿಗೆ ಇದ್ದಿಲು ಬದಲಿಸುವ ಆದೇಶದ ಹಾಳೆಯನ್ನೂ ಪೆನ್ನನ್ನೂ ಅವರ ಮುಂದೆ ಸರಿಸಿದಳು.

"ಏನೂ ಇಲ್ಲ ಸಾರ್, ಕುಡೀರಿ. ಸಹಿ ಮಾತ್ರ ಮೊದಲು ಹಾಕಿಬಿಡಿ."