ಗೊರಸಿನ ಗುಳಿಗೆ ಮಾಫಿಯಿಲ್ಲ

ಅರವತ್ತರ ದಶಕದ ಕೊನೆಯಲ್ಲಿ, ದೇವನಹಳ್ಳಿ ಕಡೆಯ ನಮ್ಮೂರಿನ ಗೋಮಾಳ ಒಂದು ಫ್ಯಾಕ್ಟರಿಯ ಅಧಿಕಾರಿಗಳ ಗಾಲ್ಫ್ ಮೈದಾನವಾಯಿತು. ಊರಿನವರಿಗೆ ಅದು ಗೊತ್ತಾಯಿತು, ದನಗಳಿಗೆ ಹೇಳುವವರು ಯಾರು? ಬೇಲಿಯಲ್ಲಿ ಸಂದು ಕಂಡರೆ ಸಾಕು, ಹಳೆಯ ಅಭ್ಯಾಸದಂತೆ ನುಗ್ಗಿ ಮೇಯುತ್ತಿದ್ದವು.

ನಮ್ಮಣ್ಣ ಅಲ್ಲಿ ಒಬ್ಬ ಸಾಹೇಬರ ಆಟದ ಕೋಲುಗಳ ಚೀಲ ಹೊರುತ್ತಿದ್ದ. ಮನೆಗೆ ಬಂದರೂ ಅವರದೇ ಜಪ. ಅವರು ಸೀನಿದರೂ ನಮಗೆ ವರದಿ. "ಈ ಸಲ ಕಪ್ ಗೆದ್ರೆ ನನ್ನನ್ನ ಫ್ಯಾಕ್ಟ್ರಿಗೆ ಸೇರಿಸ್ತಾರಂತೆ ಕಣಮ್ಮ" ಎಂದು ಅವನು ಹೇಳಿದ ದಿನವೇ ಅಮ್ಮ ಹೆಣ್ಣು ನೋಡುವ ಮಾತು ತೆಗೆದಳು.

ಕಪ್ಪಿನ ಆಟದ ದಿನ ಅಣ್ಣನಿಗೆ ಬುತ್ತಿ ಒಯ್ದಿದ್ದ ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೆ. ಸಾಹೇಬರ ಚೆಂಡು ಹಸುವಿನ ಗೊರಸು ಊರಿದ ಗುಳಿಯಲ್ಲಿ ಕೂತುಬಿಟ್ಟಿತು. ಆ ಆಟದ ಕಾನೂನು ಆಮೇಲೆ ಅಣ್ಣನೇ ಹೇಳಿದ್ದು: ಹೆಗ್ಗಣ ತೋಡಿದ ಬಿಲಕ್ಕೆ ಬಿದ್ದರೆ ಚೆಂಡನ್ನು ದಂಡವಿಲ್ಲದೆ ಎತ್ತಿ ಪಕ್ಕಕ್ಕೆ ಹಾಕಿಕೊಳ್ಳಬಹುದು. ಹಸು ಬಿಲ ತೋಡುವ ಪ್ರಾಣಿಯಲ್ಲ, ಅದರ ಗುಳಿಗೆ ಬಿದ್ದರೆ ಇದ್ದಲ್ಲಿಂದಲೇ ಹೊಡೆಯಬೇಕು. ಹೆಗ್ಗಣಕ್ಕಿರುವ ಮಾಫಿ ಹಸುವಿಗಿಲ್ಲ! ನೆನೆದರೆ ಈಗಲೂ ಮೈ ಉರಿಯುತ್ತದೆ. ಸಾಹೇಬರು ತೀರ್ಪುಗಾರರ ಜೊತೆ ವಾದಕ್ಕಿಳಿದರು. ಅಷ್ಟರಲ್ಲಿ ಅಣ್ಣ, ದನ ತುಳಿದ ರಾಗಿ ಪೈರಿನ ಬುಡಕ್ಕೆ ಮಣ್ಣು ಒತ್ತುವ ನಮ್ಮ ರೂಢಿಯಂತೆ, ಚೆಂಡಿನ ಹಿಂದೆ ಎದ್ದಿದ್ದ ಮಣ್ಣನ್ನು ಹಿಮ್ಮಡಿಯಿಂದ ಮೆಲ್ಲಗೆ ತುಳಿದು ಸಮ ಮಾಡಿದ.

ಹಾಗೆ ನೆಲ ತಿದ್ದುವುದೇ ತಪ್ಪಂತೆ. ಚೀಲ ಹೊರುವವನು ತಿದ್ದಿದರೂ ದಂಡ ಆಡುವವರಿಗೆ: ಲೆಕ್ಕಕ್ಕೆ ಎರಡು ಹೊಡೆತ ಹೆಚ್ಚು, ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದಂತೆ. ಸಾಹೇಬರು ಆ ದಂಡದಿಂದಲೇ ಸೋತರು. "ನಾಳೆಯಿಂದ ಬರಬೇಡ" ಅಂದರು. ಅಣ್ಣ ಬುತ್ತಿ ಬಿಚ್ಚಲಿಲ್ಲ. ಮನೆಯಲ್ಲಿ ಹೆಣ್ಣಿನ ಮಾತೂ ಅಲ್ಲಿಗೇ ನಿಂತಿತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಬೇಲಿಯ ಹೊರಗೆ ಹಸು ಮೇಯಿಸುತ್ತಿದ್ದಾಗ ಚೆಂಡೊಂದು ಹಾರಿಬಂತು. ಹಿಂದೆಯೇ ಅದೇ ಸಾಹೇಬರು ಬಂದರು. ಅಣ್ಣ ಚೆಂಡನ್ನೆತ್ತಿ, ಪಂಚೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮತ್ತೆ ಕರೆಯುತ್ತಾರೇನೋ ಎಂಬ ಆಸೆ ಅವನ ಮುಖದಲ್ಲಿತ್ತು. ನನಗೂ ಇತ್ತು.

"ಯಾವ ಊರಪ್ಪಾ ನಿಂದು?" ಎಂದು ಕೇಳಿದರು.

ಎರಡು ವರ್ಷ ಅವರ ಹಿಂದೆ ನಡೆದಿದ್ದ ಅಣ್ಣ, "ಇದೇ ಊರು ಸ್ವಾಮಿ" ಎಂದ. ಅವರು ತಲೆಯಾಡಿಸಿ ಹೊರಟುಹೋದರು. ಅಣ್ಣ ಹಸುವಿನ ಕೊರಳಿಗೆ ಮುಖ ಆನಿಸಿ ಅತ್ತ. ಕೆಲಸ ಹೋದ ದಿನ ಅವನು ಅತ್ತಿರಲಿಲ್ಲ.